ಗೋದಲಿ ಎತ್ತಿಡದ ಮನೆ

ಶಿಕಾಗೊ
೧೪ ಮೇ ೨೦೦೦

ಸೆನ್ಯೋರಾ ತೊಮಾಸಾ ಎಸ್ಕೊಬೇದೊ ಅವರಿಗೆ,

ಇದು ಸ್ನೇಹದ ಪತ್ರವಲ್ಲ. ನಿಮ್ಮ ಮಗಳು ನೊಯೆಮಿ ಕ್ಷೇಮವಾಗಿ ತಲುಪಿದ್ದಾಳೆ, ನನ್ನ ಮನೆಯಲ್ಲಿದ್ದಾಳೆ. ಹೆತ್ತವಳಿಗೆ ಇಷ್ಟು ತಿಳಿದಿರಬೇಕೆಂದು ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು; ಆದರೆ ಫೋನಿನಲ್ಲಿ ಎದುರಿನವರು ನಡುವೆ ಬಾಯಿ ಹಾಕುತ್ತಾರೆ. ಹತ್ತು ವರ್ಷ ಮಾತು ಬಿಟ್ಟವರ ಜೊತೆ ಹಾಗೆ ಶುರು ಮಾಡುವ ಆಸೆ ನನಗಿಲ್ಲ.

ನಿನ್ನೆ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ನಿಮ್ಮದೇ ಹುಬ್ಬು, ನಿಮ್ಮದೇ ಗಲ್ಲ, ಹೆಗಲಿಗೊಂದು ಚೀಲ.

“ಮದ್ರೀನಾ, ನಾನು ನೊಯೆಮಿ. ನನ್ನ ಜ್ಞಾನಸ್ನಾನದಲ್ಲಿ ನನ್ನನ್ನ ಎತ್ಕೊಂಡಿದ್ದೋರು ನೀವೇ. ನೆನಪಿದೆಯಾ?”

“ನೆನಪಿಲ್ದೆ ಏನು! ನೆತ್ತಿಗೆ ನೀರು ಬಿದ್ದಾಗ ಇಡೀ ಚರ್ಚು ಹಾರಿಹೋಗೋ ಹಾಗೆ ಕಿರುಚಿದ್ದೆ. ಯಾರು ಕಳಿಸಿದ್ದು ನಿನ್ನ?”

“ಯಾರೂ ಇಲ್ಲ. ಶಿಕಾಗೊದಲ್ಲಿ ಎಲ್ಲಿಗಾದ್ರೂ ಹೋಗು, ಇಪ್ಪತ್ತಾರನೇ ಬೀದಿಗೆ ಮಾತ್ರ ಕಾಲಿಡಬೇಡ ಅಂದಿದ್ಲು ಅಮ್ಮ. ಅದಕ್ಕೇ ಬಸ್ಸಿಳಿದು ನೇರ ಇಲ್ಲಿಗೇ ಬಂದೆ.”

ಈ ಮೊಂಡುತನ ಎಲ್ಲಿಂದ ಬಂತೆಂದು ನಾನು ಕೇಳಬೇಕಾಗಿಲ್ಲ.

ಒಳಗೆ ಬಂದವಳು ಮುಂದಿನ ಕೋಣೆಯಲ್ಲಿ ನಿಂತುಬಿಟ್ಟಳು. ಮೂಲೆಯ ಮೇಜಿನ ಮೇಲೆ ಗೋದಲಿ ಇತ್ತು: ಕುರುಬರು, ಕುರಿಗಳು, ಒಂಟೆ, ಪಾಚಿ, ಕೆರೆಯ ಜಾಗದಲ್ಲಿ ನನ್ನ ಹಳೆಯ ಕೈಗನ್ನಡಿ.

“ಮದ್ರೀನಾ, ಇದು ಮೇ ತಿಂಗಳು.”

“ಗೊತ್ತು.”

“ಕ್ರಿಸ್ಮಸ್ ಗೋದಲಿ ಇನ್ನೂ ಎತ್ತಿಟ್ಟಿಲ್ವಲ್ಲ.”

“ಗೊತ್ತು.”

“ಮತ್ತೆ ಬಾಲಯೇಸು ಎಲ್ಲಿ?”

“ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ.”

ಹುಡುಗಿ ಇಲ್ಲಿ ಹುಟ್ಟಿದವಳು, ಅವಳಿಗೆ ಕಾಗದಪತ್ರದ ತೊಂದರೆ ಇಲ್ಲ. ಕೆಲಸ ಹುಡುಕುತ್ತಾಳಂತೆ. ಅಲ್ಲಿಯವರೆಗೆ ಹಿಂದಿನ ಕೋಣೆ ಅವಳದು. ನೀವು ಚಿಂತಿಸುವ ಅಗತ್ಯವಿಲ್ಲ, ವಂದನೆ ಹೇಳುವ ಅಗತ್ಯವೂ ಇಲ್ಲ.

ಎಲೋದಿಯಾ ಬೆರುಮೆನ್


ಹೆರೆಸ್, ಸಾಕಾತೆಕಾಸ್
೨ ಜೂನ್ ೨೦೦೦

ಕೊಮಾದ್ರೆ,

ನೀವು ನನ್ನನ್ನು ಸೆನ್ಯೋರಾ ಎಂದು ಕರೆದರೂ ನಾನು ಕೊಮಾದ್ರೆ ಎಂದೇ ಕರೆಯುತ್ತೇನೆ. ನನ್ನ ಮಗುವನ್ನು ದೇವರ ಮುಂದೆ ಎತ್ತಿಕೊಂಡವರು ನೀವು. ಆ ದಿನದವರೆಗೆ ನಾವಿಬ್ಬರೂ ನೀನು, ಹೋಗೆ, ಬಾರೆ ಎಂದು ಕಿತ್ತಾಡಿದವರು. ಅಂದಿನಿಂದ ನೀವು-ತಾವು ಎಂದಾಯಿತು. ಅಷ್ಟು ಗೌರವದಿಂದ ಬಂದ ಸಂಬಂಧವನ್ನು ಸಿಟ್ಟು ಮಾಡಿಕೊಂಡ ಮಾತ್ರಕ್ಕೆ ಯಾರೂ ಅಳಿಸಲಾರರು.

ನಾನು ಅವಳನ್ನು ನಿಮ್ಮಲ್ಲಿಗೆ ಕಳಿಸಲಿಲ್ಲ. ಹೋಗಬೇಡ ಎಂದದ್ದು ನಿಜ. ಆದರೆ ಹುಡುಗಿಗೆ ಬೇಡ ಎಂದರೆ ಏನು ಮಾಡುತ್ತಾಳೆ ಎಂಬುದು ತಾಯಿಗೆ ಗೊತ್ತಿರುತ್ತದೆ. ಇಷ್ಟೇ ಹೇಳುತ್ತೇನೆ.

ಅವಳಿಗೆ ರಾತ್ರಿ ಕಿಟಕಿ ತೆರೆದಿಟ್ಟು ಮಲಗುವ ಅಭ್ಯಾಸ. ಚಳಿಗಾಲದಲ್ಲಿ ಬೇಡವೆನ್ನಿ. ಎದೆ ಈಗ ಗಟ್ಟಿಯಾಗಿದೆ, ಆದರೂ ಬೇಡವೆನ್ನಿ.

ನಾನು ನಿಮ್ಮಲ್ಲಿ ಏನನ್ನೂ ಕೇಳುತ್ತಿಲ್ಲ.

ನಿಮ್ಮ ಕೊಮಾದ್ರೆ
ತೊಮಾಸಾ

ಮರೆತಿದ್ದೆ: ಅವನು ಚೆನ್ನಾಗಿದ್ದಾನೆ.


ಶಿಕಾಗೊ
೯ ಜುಲೈ ೨೦೦೦

ಸೆನ್ಯೋರಾ ತೊಮಾಸಾ ಅವರಿಗೆ,

ನೊಯೆಮಿಗೆ ಕೆಲಸ ಸಿಕ್ಕಿದೆ. ಹ್ಯಾಲ್ವರ್ಸನ್ ಹೋಟೆಲಿನಲ್ಲಿ, ನನ್ನ ಮಹಡಿಯಲ್ಲೇ. ನಾನು ಶಿಫಾರಸು ಮಾಡಿದೆ ಎಂದು ತಿಳಿಯಬೇಡಿ. “ಇವಳು ನನ್ನ ಜ್ಞಾನಪುತ್ರಿ, ಕೆಲಸ ಸರಿಯಿಲ್ಲದಿದ್ರೆ ನಾನೇ ಮೊದಲು ಹೊರಗೆ ಕಳಿಸ್ತೀನಿ” ಎಂದೆ. ಅದು ಅವರಿಗೆ ಸಾಕಾಯಿತು. ಇಪ್ಪತ್ತಾರು ವರ್ಷ ಒಂದೇ ಕಟ್ಟಡದಲ್ಲಿ ದುಡಿದವಳ ಮಾತಿಗೆ ಅಷ್ಟು ಬೆಲೆ ಇರಬೇಕು.

ಮೊದಲ ವಾರ ನನ್ನ ತಳ್ಳುಗಾಡಿಯ ಹಿಂದೆಯೇ ಸುತ್ತಿಸಿದೆ. ಯಾರೋ ಉಂಡು, ಕುಡಿದು, ಜಗಳವಾಡಿ ಬಿಟ್ಟುಹೋದ ಕೋಣೆಯನ್ನು ಇನ್ನೂ ಯಾರೂ ಕಾಲಿಡದ ಕೋಣೆ ಮಾಡುವುದು ನಮ್ಮ ಕೆಲಸ ಎಂದು ಹೇಳಿಕೊಟ್ಟೆ. ಹೊದಿಕೆಯ ಮೂಲೆಯನ್ನು ಲಕೋಟೆಯಂತೆ ಮಡಚಿ ಒಳಗೆ ಸೇರಿಸುವುದನ್ನು ತೋರಿಸಿದೆ. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಬೇಕು. ಆ ನೋಟದಲ್ಲಿ ನನಗೆ ಯಾವಾಗಲೂ ಒಂದು ಹೆಮ್ಮೆ ಬರುತ್ತಿತ್ತು. ಅದನ್ನು ಅವಳಿಗೆ ಹೇಳಿಕೊಡಲಿಲ್ಲ. ಅದು ತಾನಾಗಿ ಬರಬೇಕು.

ಕೈ ಚುರುಕು. ಮಾತು ಅದಕ್ಕಿಂತ ಚುರುಕು. “ಮದ್ರೀನಾ, ಈ ದೊಡ್ಡ ಹಾಸಿಗೆನ ಒಬ್ರೇ ಹಾಕೋ ಬದಲು ಇಬ್ರು ಹಾಕಿದ್ರೆ ಸುಲಭ ಅಲ್ವಾ?” ಎಂದಳು. ಜೋಡಿಯಾಗಿ ಕೆಲಸ ಮಾಡಬಾರದು ಎಂಬುದು ಹೋಟೆಲಿನ ನಿಯಮ ಎಂದೆ. ಸುಳ್ಳಲ್ಲ. ಆ ನಿಯಮವನ್ನು ವರ್ಷಗಟ್ಟಲೆ ಮುರಿದವರು ಯಾರೆಂದು ಹೇಳಲಿಲ್ಲ. ನಮ್ಮ ಪಾಲಿನದು ಮುಗಿದರೆ ಇನ್ನೊಬ್ಬರ ಕೋಣೆಗೆ ಓಡುತ್ತಿದ್ದೆವು. ನೀವು ಕಿಟಕಿಯ ಕಡೆ, ನಾನು ಬಾಗಿಲ ಕಡೆ.

ನಿನ್ನೆ ಅವಳು ಗೋದಲಿಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದಳು. ಖಾಲಿ ತೊಟ್ಟಿಲಿಗೆ ನಾನು ವಾರಕ್ಕೊಮ್ಮೆ ಬಿಳಿ ಬಟ್ಟೆ ಬದಲಿಸುತ್ತೇನೆ, ಅದರ ಮೂಲೆಯನ್ನೂ ಲಕೋಟೆಯಂತೆಯೇ ಮಡಚುತ್ತೇನೆ. ಅದನ್ನು ನೋಡಿಯೇ ಇರಬೇಕು.

“ನಮ್ಮನೇಲಿ ಬಾಲಯೇಸು ಇದಾನೆ, ಗೋದಲಿ ಇಲ್ಲ. ನಿಮ್ಮನೇಲಿ ಗೋದಲಿ ಇದೆ, ಬಾಲಯೇಸು ಇಲ್ಲ,” ಎಂದಳು.

“ಈರುಳ್ಳಿ ಹೆಚ್ಚು,” ಎಂದೆ.

“ಅಮ್ಮ ಕದ್ದಿದ್ದಾ?”

ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ನಾನು ಬೇರೆ ರೀತಿ ಹೇಳಿದೆನೆಂದು ನೀವು ತಿಳಿಯಬಾರದು. ನಮ್ಮ ಕಡೆ ಹಬ್ಬದ ದಿನಗಳಲ್ಲಿ ಬೇಕಾದವರು ಬಂದು ಗೋದಲಿಯಿಂದ ಬಾಲಯೇಸುವನ್ನು ಕದ್ದೊಯ್ಯುತ್ತಾರೆ. ಮನೆಯೊಡತಿ ನೋಡಿಯೂ ನೋಡದವಳಂತಿರುತ್ತಾಳೆ. ಕದ್ದವಳು ಅವನಿಗೆ ಹೊಸ ಅಂಗಿ ಹೊಲಿದು, ಫೆಬ್ರವರಿ ಎರಡರ ಕಂದೆಲಾರಿಯಾ ಹಬ್ಬದ ದಿನ ಜೋಳದ ಹಿಟ್ಟಿನ ತಮಾಲೆ ಕಡುಬಿನ ಹಂಡೆಯ ಜೊತೆ ತಂದೊಪ್ಪಿಸಿ, ಆ ಮನೆಗೆ ಕೊಮಾದ್ರೆ ಆಗುತ್ತಾಳೆ. ಅವನು ಮರಳಿ ಬಂದ ಮೇಲೆಯೇ ಗೋದಲಿ ಎತ್ತಿಡುವುದು. ಕದ್ದವಳೇ ತರಬೇಕು. ಮನೆಯೊಡತಿ ಕೊಡು ಎಂದು ಕೇಳಬಾರದು.

ಹತ್ತು ವರ್ಷದ ಹಿಂದೆ, ಹೋಟೆಲಿನವರ ವಿರುದ್ಧ ನಾವು ಮುಷ್ಕರ ಹೂಡಿದ ಆ ಚಳಿಗಾಲ, ಕ್ರಿಸ್ಮಸ್ ರಾತ್ರಿ, ನೀವು ಅವನನ್ನು ಕೋಟಿನೊಳಗೆ ಸೇರಿಸಿಕೊಂಡದ್ದನ್ನು ನಾನು ಕಂಡೆ. ಬೇಕೆಂದೇ ಒಲೆಯ ಕಡೆ ತಿರುಗಿದೆ. ಈಗಾಗಲೇ ಕೊಮಾದ್ರೆಯಾದವಳು ಇನ್ನೊಮ್ಮೆ ಆಗಬಯಸುತ್ತಾಳೆ ಎಂದು ನನ್ನ ಎದೆ ಉಬ್ಬಿತ್ತು. ಮೂರು ವಾರದ ನಂತರ ನೀವು ನಮ್ಮ ಮುಷ್ಕರದ ಸಾಲು ದಾಟಿ ಹೋಟೆಲಿನೊಳಗೆ ಹೋದಿರಿ.

‘ಅವನು ಚೆನ್ನಾಗಿದ್ದಾನೆ’ ಎಂದು ಬರೆದಿದ್ದೀರಿ. ಯಾರೆಂದು ನಾನು ಕೇಳುವುದಿಲ್ಲ.

ಎಲೋದಿಯಾ ಬೆರುಮೆನ್


ಶಿಕಾಗೊ
೧೭ ಸೆಪ್ಟೆಂಬರ್ ೨೦೦೦

ತೊಮಾಸಾ ಅವರಿಗೆ,

ನಿಮ್ಮ ಮಗಳು ಫೋನಿನಲ್ಲಿ ಹೇಳಿರುತ್ತಾಳೆ, ಆದರೆ ಅವಳು ತನಗೆ ಅನುಕೂಲವಾದಷ್ಟನ್ನು ಹೇಳಿರುತ್ತಾಳೆ. ನಡೆದದ್ದು ಹೀಗೆ.

ಹಿಂದಿನ ವಾರ ಶುಕ್ರವಾರ ಮಧ್ಯಾಹ್ನ ನೆಲಮಾಳಿಗೆಯ ಊಟದ ಕೋಣೆಯಲ್ಲಿ ಎಲ್ಲರೂ ಇದ್ದೆವು. ಓಬ್ದುಲಿಯಾ ನಿಮಗೆ ನೆನಪಿರುತ್ತಾಳೆ. ಮುಷ್ಕರದಲ್ಲಿ ಡೋಲು ಬಡಿಯುತ್ತಿದ್ದವಳು, ಹಿಮಕ್ಕೆ ಬೆರಳು ಮರಗಟ್ಟಿದರೂ ಕೋಲು ಕೆಳಗಿಡದವಳು. ಅವಳು ಬಹಳ ದಿನದಿಂದ ನೊಯೆಮಿಯನ್ನೇ ಗಮನಿಸುತ್ತಿದ್ದಳು.

“ಎಲೋದಿಯಾ, ಈ ಗಲ್ಲನ ನಾನೆಲ್ಲೋ ನೋಡಿದೀನಿ ಕಣೆ. ನಾವು ಹಿಮದಲ್ಲಿ ಗಡಗಡ ನಡುಗ್ತಾ ನಿಂತಿದ್ದಾಗ, ಇಂಥದೇ ಗಲ್ಲ ಎತ್ಕೊಂಡು ಒಬ್ಳು ನಮ್ಮ ಮುಂದೇನೇ ಒಳಗೆ ಹೋದ್ಲು.”

“ಊಟ ಮಾಡು, ಓಬ್ದುಲಿಯಾ.”

“ಊಟಾನಾ? ಆ ಮನೆಯವರ ಜೊತೆ ಒಂದೇ ಮೇಜಲ್ಲಾ?” ಎಂದು ತನ್ನ ತಟ್ಟೆ ಎತ್ತಿಕೊಂಡಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಉಳಿದವರು. ಅಷ್ಟು ಉದ್ದದ ಮೇಜಿನಲ್ಲಿ ನಿಮ್ಮ ಮಗಳು ಒಬ್ಬಳೇ.

ನಾನು ನನ್ನ ತಟ್ಟೆ ತೆಗೆದುಕೊಂಡು ಅವಳ ಎದುರಿಗೆ ಹೋಗಿ ಕುಳಿತೆ. ಊಟ ಮುಂದುವರಿಸಿದೆ. ಮಾತಾಡುವ ಉದ್ದೇಶ ನನಗಿರಲಿಲ್ಲ. ಆದರೆ ನೊಯೆಮಿ ಎದ್ದು ನಿಂತಳು.

“ಹೌದು, ತೊಮಾಸಾ ನನ್ನಮ್ಮ. ಆಗ ನಂಗೆ ಎಂಟು ವರ್ಷ. ಉಸಿರು ಸಿಗ್ದೆ ಆಸ್ಪತ್ರೇಲಿದ್ದೆ. ಮುಷ್ಕರ ಅಂತ ಹೋಟೆಲಿನವರು ನಿಮ್ಮೆಲ್ಲರ ವಿಮೆ ನಿಲ್ಲಿಸಿದ್ರು. ಒಳಗೆ ಹೋದ್ರೆ ವಿಮೆ ಉಂಟು, ಹೊರಗೆ ನಿಂತ್ರೆ ಇಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ ಸೆನ್ಯೋರಾ ಓಬ್ದುಲಿಯಾ?”

ಓಬ್ದುಲಿಯಾಳ ಬಾಯಿ ಕಟ್ಟುವುದು ಅಷ್ಟು ಸುಲಭವಲ್ಲ. ಆದರೆ ಅವಳ ದನಿ ತಗ್ಗಿತು.

“ಕೇಳ್ತಿದ್ದೆ ಮಗಳೇ. ನಾನಾಗಿದ್ರೆ ಕೇಳ್ತಿದ್ದೆ. ಒಂದೊಂದು ಬಾಗಿಲೂ ಬಡಿದು, ನನ್ನ ಕೂಸು ಸಾಯ್ತಾ ಇದೆ, ಏನಾದ್ರೂ ಕೊಡಿ ಅಂತ ಕೇಳ್ತಿದ್ದೆ. ನಿಮ್ಮಮ್ಮ ಒಬ್ರ ಹತ್ರಾನೂ ಒಂದು ಮಾತು ಆಡ್ಲಿಲ್ಲ.”

ಹತ್ತು ವರ್ಷದಿಂದ ನನ್ನ ಗಂಟಲಲ್ಲಿದ್ದದ್ದು ಇದೇ, ತೊಮಾಸಾ. ಬಾಯಿಬಡುಕಿ ಓಬ್ದುಲಿಯಾ ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು, ಏಕೆಂದರೆ ಅದನ್ನು ಹೇಳಬೇಕಾದವಳು ನಾನು.

ನೀವು ಒಳಗೆ ಹೋದದ್ದಕ್ಕೆ ನಾನು ಬಾಗಿಲು ಹಾಕಿಕೊಂಡೆ ಎಂದು ಇಡೀ ಬೀದಿ ತಿಳಿದಿದೆ. ಬೀದಿ ಏನಾದರೂ ತಿಳಿದುಕೊಳ್ಳಲಿ. ಆ ಮಗು ನನ್ನದೂ ಹೌದು. ಬಲಿಪೀಠದ ಮುಂದೆ ಎತ್ತಿಕೊಂಡಾಗ, ತಾಯಿಗೆ ಆಗದ ದಿನ ನಾನಿದ್ದೇನೆ ಎಂದು ಮಾತು ಕೊಟ್ಟವಳು ನಾನು. ಆ ದಿನ ಬಂದಾಗ ನೀವು ನನ್ನ ಬಾಗಿಲಿಗೆ ಬರದೆ ಹೋಟೆಲಿನ ಬಾಗಿಲಿಗೆ ಹೋದಿರಿ. ನನಗಿಂತ ಹ್ಯಾಲ್ವರ್ಸನ್ ಹೋಟೆಲು ನಿಮಗೆ ಹತ್ತಿರದ್ದಾಯಿತು.

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಎಲೋದಿಯಾ

ನೊಯೆಮಿ ಈಗ ಎಲ್ಲರ ಜೊತೆ ಊಟ ಮಾಡುತ್ತಾಳೆ. ಸೋಮವಾರ ಓಬ್ದುಲಿಯಾಳೇ ಬಂದು ಅವಳ ಪಕ್ಕ ಕುಳಿತು, “ನಿನ್ನ ತಟ್ಟೇಲಿ ಮೆಣಸಿನಕಾಯಿ ಇಲ್ವಲ್ಲ, ಯಾವ ಊರಿನವಳು ನೀನು?” ಎಂದು ತನ್ನದನ್ನು ಬಡಿಸಿದಳು.


ಹೆರೆಸ್
೨೧ ಅಕ್ಟೋಬರ್ ೨೦೦೦

ಕೊಮಾದ್ರೆ,

ಉತ್ತರ ಬರೆಯಬೇಕೆಂದಿಲ್ಲ ಎಂದಿರಿ. ಆದ್ದರಿಂದ ಬರೆಯುತ್ತಿದ್ದೇನೆ, ನನ್ನ ಮಗಳು ಆ ಗುಣವನ್ನು ದಾರಿಯಲ್ಲಿ ಹೆಕ್ಕಿಕೊಂಡದ್ದಲ್ಲ.

ಕ್ಷಮೆ ಕೇಳುವುದಿಲ್ಲ. ಅದೇ ಚಳಿಗಾಲ ಮತ್ತೆ ಬಂದರೆ ಅದೇ ಬಾಗಿಲಿನಿಂದ ಮತ್ತೆ ಒಳಗೆ ಹೋಗುತ್ತೇನೆ. ಹುಡುಗಿ ಬದುಕಿದ್ದಾಳೆ, ನಿಮ್ಮ ಮೇಜಿನಲ್ಲಿ ಎದ್ದು ನಿಂತು ಮಾತಾಡುವಷ್ಟು ಉಸಿರು ಅವಳಿಗಿದೆ. ನನಗೆ ಇನ್ನೇನು ಬೇಕು?

ಕೇಳಲಿಲ್ಲ ಎನ್ನುತ್ತೀರಿ. ಯಾರನ್ನು ಕೇಳಬೇಕಿತ್ತು? ಆ ತಿಂಗಳು ನೀವು ತೀರಿಹೋದ ನಿಮ್ಮ ಯಜಮಾನರ ಕೋಟನ್ನು ಮಾರಿ ಸಾಲಿನಲ್ಲಿ ನಿಂತವರಿಗೆ ಕಾಫಿ ಕಾಯಿಸುತ್ತಿದ್ದಿರಿ. ಅವರ ಮಕ್ಕಳಿಗೆ ಅವರೆಕಾಳು ಬಡಿಸಿ, ‘ನಂಗೆ ಹಸಿವಿಲ್ಲ’ ಎಂದು ಎದ್ದುಹೋಗುತ್ತಿದ್ದಿರಿ, ನನಗೆ ಕಾಣುತ್ತಿರಲಿಲ್ಲವೇ? ನಾನು ಕೇಳಿದ್ದರೆ ನೀವು ಇಲ್ಲ ಎನ್ನುತ್ತಿರಲಿಲ್ಲ. ಮನೆಯ ಒಲೆಯನ್ನೂ ಕಿತ್ತು ಕೊಡುತ್ತಿದ್ದಿರಿ. ಅದಕ್ಕೇ ಕೇಳಲಿಲ್ಲ. ಓಬ್ದುಲಿಯಾಳಿಗೆ ಇದು ಅರ್ಥವಾಗದಿರಬಹುದು. ನಿಮಗೆ ಆಗಬೇಕು. ನನ್ನ ಜಾಗದಲ್ಲಿ ನೀವಿದ್ದರೆ ಕೇಳುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ.

ಕಂದೆಲಾರಿಯಾ ದಿನ ನಾನು ಬಂದಿದ್ದೆ. ಹಿಮ ಬೀಳುತ್ತಿತ್ತು. ಒಂದು ಕೈಯಲ್ಲಿ ಹೊಸ ಅಂಗಿ ತೊಟ್ಟ ಬಾಲಯೇಸು, ಇನ್ನೊಂದು ಕೈಯಲ್ಲಿ ತಮಾಲೆಯ ಪಾತ್ರೆ. ಬಾಗಿಲು ಬಡಿದೆ. ಕೆಳಗಿನ ಸಂದಿಯಲ್ಲಿ ಬೆಳಕಿತ್ತು, ಆ ಬೆಳಕಿನಲ್ಲಿ ನಿಮ್ಮ ಎರಡು ಪಾದಗಳ ನೆರಳಿತ್ತು. ನೀವು ಆಚೆ, ನಾನು ಈಚೆ. ಪಾತ್ರೆಯಿಂದ ಹಬೆಯಾಡುವುದು ನಿಂತ ಮೇಲೆ ನಾನು ಇಳಿದುಹೋದೆ. ಆ ತಮಾಲೆಯನ್ನು ಬಸ್‌ಸ್ಟಾಪಿನಲ್ಲಿದ್ದವರಿಗೆ ಹಂಚಿದೆ. ಬಹಳ ಹೊಗಳಿದರು. ನಿಮ್ಮ ನಷ್ಟ.

ಆಮೇಲೆ ನಾನು ಊರಿಗೆ ಮರಳಿದೆ. ಕಾಗದವಿಲ್ಲದೆ ಗಡಿ ದಾಟಿದವರಿಗೆ ಅಲ್ಲಿನ ಸರಕಾರ ಕ್ಷಮಾದಾನದ ಕಾಗದ ಕೊಡುವಾಗ ನಿಮಗೆ ಸಿಕ್ಕಿತು. ನಾನು ಕೆಲವೇ ತಿಂಗಳು ತಡವಾಗಿ ಬಂದವಳು, ನನಗೆ ಸಿಗಲಿಲ್ಲ. ಈಗ ಆ ಗಡಿಯನ್ನು ಮೊದಲಿನ ಹಾಗೆ ದಾಟುವ ಮಂಡಿ ನನಗಿಲ್ಲ. ಕದ್ದವಳೇ ತರಬೇಕು ಎಂಬುದನ್ನು ನಾನು ಮರೆತಿಲ್ಲ. ತರುವ ದಾರಿಯೇ ಇಲ್ಲ.

ಪ್ರತಿ ವರ್ಷ ಅವನಿಗೆ ಹೊಸ ಅಂಗಿ ಹೊಲಿದಿದ್ದೇನೆ. ಅವನ ಬಟ್ಟೆ ಈಗ ನಮ್ಮೂರ ಮೇಯರನ ಹೆಂಡತಿಯ ಬಟ್ಟೆಗಿಂತ ಹೆಚ್ಚು. ನಿಮ್ಮ ತಾಯಿಯ ಕಾಲದಿಂದ ಮುರಿದಿದ್ದ ಆ ಕಾಲ್ಬೆರಳನ್ನು ಬಡಗಿಯ ಹತ್ತಿರ ಸರಿಮಾಡಿಸಬೇಕೆಂದಿದ್ದೆ, ಆದರೆ ಅವನು ನನ್ನವನಲ್ಲ ಎಂದು ಮುಟ್ಟಿಸಲಿಲ್ಲ.

ಕ್ರಿಸ್ಮಸ್ಸಿಗೆ ನೊಯೆಮಿ ಬರುತ್ತಾಳೆ. ಬೇಕಾದರೆ ಅವಳ ಕೈಯಲ್ಲಿ ಕಳಿಸುತ್ತೇನೆ.

ನಿಮ್ಮ ಕೊಮಾದ್ರೆ
ತೊಮಾಸಾ


ಶಿಕಾಗೊ
೩ ಡಿಸೆಂಬರ್ ೨೦೦೦

ತೊಮಾಸಾ ಅವರಿಗೆ,

ನೊಯೆಮಿಯ ಕೈಯಲ್ಲಿ ಬೇಡ. ಅವಳು ಕದ್ದಿಲ್ಲ. ಟಪಾಲಿನಲ್ಲಿ ಕಳಿಸುವ ಯೋಚನೆಯೂ ಬೇಡ. ಅವನೇನು ಮರೆತುಹೋದ ಛತ್ರಿಯೇ?

ಬಾಗಿಲ ಹಿಂದೆ ನಿಂತಿದ್ದೆನೆಂದು ಬರೆದಿದ್ದೀರಿ. ಹೌದು, ನಿಂತಿದ್ದೆ. ನನ್ನ ಮಾತು ನಂಬಿ ಅಷ್ಟು ಹೆಂಗಸರು ಚಳಿಯಲ್ಲಿ ನಿಂತಿದ್ದರು. ಅಂದು ಸಂಜೆ ನಿಮಗೆ ಬಾಗಿಲು ತೆರೆದು, ಮರುದಿನ ಬೆಳಿಗ್ಗೆ ಅವರ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ನಿಮ್ಮ ಹಾಗೆ ನಾನೂ ಅದೇ ದಿನ ಮತ್ತೆ ಬಂದರೆ ಅದನ್ನೇ ಮಾಡುತ್ತೇನೆ. ತಮಾಲೆಯ ವಾಸನೆ ಮಾತ್ರ ಒಳಗೆ ಬಂದಿತ್ತು. ಬಸ್‌ಸ್ಟಾಪಿನವರು ಸುಳ್ಳು ಹೇಳಿಲ್ಲ.

ಕೇಳುತ್ತಿದ್ದಿರಾ ಎಂದು ನನ್ನನ್ನು ಕೇಳಿದ್ದೀರಿ. ಆ ಪ್ರಶ್ನೆ ನನ್ನ ಹತ್ತಿರವೇ ಇದೆ. ಈಗ ಉತ್ತರಿಸುವುದಿಲ್ಲ.

ಇನ್ನೊಂದು ಸುದ್ದಿ. ಗುರುವಾರ ನನ್ನ ಕೊನೆಯ ದಿನವಾಗಿತ್ತು. ನನ್ನ ಕಡೆಯ ಕೋಣೆಯನ್ನು ಮುಗಿಸಿ, ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಸರಿಯಾಗಿತ್ತು. ದೀಪ ಆರಿಸಿದೆ. ಕೆಳಗೆ ಮ್ಯಾನೇಜರ್ ಕೇಕು ತರಿಸಿದ್ದರು. ಮೂವತ್ತು ದಾಟದ ಹುಡುಗ, ಒಳ್ಳೆಯವನು.

“ಸೆನ್ಯೋರಾ ಬೆರುಮೆನ್, ನಿಮಗೆ ನಮ್ಮ ಉಡುಗೊರೆ. ನಮ್ಮ ಅತಿ ದೊಡ್ಡ ಕೋಣೆಯಲ್ಲಿ ಒಂದು ರಾತ್ರಿ ನೀವು ಅತಿಥಿಯಾಗಿ ಉಳೀಬೇಕು,” ಎಂದರು.

“ಬೇಡ ಸಾರ್. ಆ ಕೋಣೇಲಿ ಯಾರ್ಯಾರು ಏನೇನು ಮಾಡಿದಾರೆ ಅಂತ ನಂಗೊತ್ತು. ನಿದ್ದೆ ಬರಲ್ಲ.”

ಹೆಂಗಸರು ನಕ್ಕ ನಗೆಗೆ ಪಾತ್ರೆಗಳು ಅಲುಗಿದವು. ಆಮೇಲೆ ಎಲ್ಲರೂ ಸಾಲಾಗಿ ನಿಂತು ಒಬ್ಬೊಬ್ಬರೇ ನನ್ನ ಕೈ ಹಿಡಿದರು. ಈ ಊರಿಗೆ ಬಂದಾಗ ನನ್ನ ಹೆಸರನ್ನು ಸರಿಯಾಗಿ ಹೇಳುವವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಈಗ ಪೋಲೆಂಡಿನವರು, ಫಿಲಿಪ್ಪೀನಿನವರು ಎಲ್ಲರೂ ದೋನ್ಯಾ ಎಲೋದಿಯಾ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ನಾನು ಅಳಲಿಲ್ಲ. ನೊಯೆಮಿ ಅತ್ತಳು, ನನ್ನ ಪಾಲಿನದನ್ನೂ ಸೇರಿಸಿ.

ನನ್ನ ತಳ್ಳುಗಾಡಿ ಈಗ ಅವಳದು. ಮುಂದಿನ ಎಡಗಾಲಿ ಕಿರುಗುಟ್ಟುತ್ತದೆ, ನಿಮಗೆ ಗೊತ್ತು.

ಎಲೋದಿಯಾ


ಹೆರೆಸ್
೧೫ ಜನವರಿ ೨೦೦೧

ಕೊಮಾದ್ರೆ,

ರಜೆ ಮುಗಿಸಿ ಅಲ್ಲಿಗೆ ತಲುಪಿದ ನೊಯೆಮಿ ನಿನ್ನೆ ಫೋನು ಮಾಡಿದಳು. “ಅಮ್ಮಾ, ಮದ್ರೀನಾ ಗೋದಲಿ ತೆಗೆದುಬಿಟ್ಟಿದಾರೆ. ಮೇಜು ಖಾಲಿ. ಯಾಕೆ ಅಂದ್ರೆ ಈರುಳ್ಳಿ ಹೆಚ್ಚು ಅಂತಾರೆ,” ಎಂದಳು.

ಅರ್ಥವಾಯಿತು. ಹತ್ತು ವರ್ಷ ಬೀದಿಯವರು ಆಡಿಕೊಂಡರೂ ನೀವು ಎತ್ತಿಡದೆ ಇದ್ದದ್ದು ನನಗೆ ಗೊತ್ತಿತ್ತು. ಅಲ್ಲಿಂದ ಬಂದವರೆಲ್ಲ ನಗುತ್ತಾ ಹೇಳುತ್ತಿದ್ದರು. ನಾನು ನಗುತ್ತಿರಲಿಲ್ಲ. ಅದು ಅಲ್ಲಿರುವವರೆಗೆ ನನಗೊಂದು ಜಾಗ ಇದೆ ಎಂದುಕೊಂಡಿದ್ದೆ. ನಿಮ್ಮ ಉತ್ತರ ಇದಾದರೆ ಇರಲಿ. ನಾನು ಬೇಡುವವಳಲ್ಲ.

ಬಾಲಯೇಸುವನ್ನು ಈ ಕಂದೆಲಾರಿಯಾ ದಿನ ಚರ್ಚಿಗೆ ಕೊಡುತ್ತೇನೆ. ಗೋದಲಿಯಿಲ್ಲದವನನ್ನು ಇನ್ನು ಎಷ್ಟು ವರ್ಷ ಬೀರುವಿನ ಮೇಲೆ ಕೂರಿಸಲಿ?

ತೊಮಾಸಾ


ಹೆರೆಸ್
೩೧ ಜನವರಿ ೨೦೦೧

ಪ್ರಿಯ ತೊಮಾಸಾ,

ಮೇಲೆ ಬರೆದ ಊರಿನ ಹೆಸರನ್ನು ಇನ್ನೊಮ್ಮೆ ಓದಿ. ತಪ್ಪಿ ಬರೆದದ್ದಲ್ಲ. ಈ ಪತ್ರ ಅಂಚೆಯಲ್ಲಿ ಬಂದಿಲ್ಲ. ನಿಮ್ಮ ಮನೆಯಿಂದ ನಾಲ್ಕು ಬೀದಿ ಆಚೆ, ಚೌಕದೆದುರಿನ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಹುಡುಗಿ ತಂದುಕೊಟ್ಟಿದ್ದಾಳೆ. ಅವಳಿಗೆ ಕುಡಿಯಲು ಏನಾದರೂ ಕೊಡಿ. ಬೆಳಗಿನಿಂದ ನಿಂತೇ ಇದ್ದಾಳೆ.

ನಾನು ಗೋದಲಿ ಎತ್ತಿಟ್ಟಿಲ್ಲ. ಜಾಗ ಬದಲಿಸಿದ್ದೇನೆ. ಕುರುಬರು, ಕುರಿಗಳು, ಒಂಟೆ, ಕೈಗನ್ನಡಿ ಎಲ್ಲವನ್ನೂ ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದವನು ಕುರುಬನೊಬ್ಬನನ್ನು ಕೈಯಲ್ಲಿ ಹಿಡಿದು, “ಏನಜ್ಜಿ, ಹಬ್ಬ ಮುಗಿದು ತಿಂಗಳಾಯ್ತಲ್ಲ?” ಎಂದ. “ನಮ್ಮನೇಲಿ ಮುಗಿದಿಲ್ಲಪ್ಪ. ಕುತ್ತಿಗೆ ಹಿಡಿಬೇಡ, ಮಣ್ಣಿನದು,” ಎಂದೆ. ಓಬ್ದುಲಿಯಾ ಒಂದು ಮಣ್ಣಿನ ಹುಂಜ ಕೊಟ್ಟಿದ್ದಾಳೆ. “ಅವಳಿಗಲ್ಲ, ಮಗುವಿಗೆ. ತಪ್ಪು ತಿಳ್ಕೊಂಡಾಳು,” ಎಂದು ಎರಡೆರಡು ಸಲ ಹೇಳಿ ಕಳಿಸಿದಳು. ಆದ್ದರಿಂದ ತಪ್ಪು ತಿಳಿಯಬೇಡಿ.

ನೊಯೆಮಿಗೆ ನಾನು ಏನೂ ಹೇಳಲಿಲ್ಲ, ಅವಳ ಬಾಯಿ ನಿಮಗೆ ಗೊತ್ತು. ನಿಮ್ಮ ಪತ್ರ ಬಂದ ದಿನ ಟಿಕೆಟು ಆಗಲೇ ಕೈಯಲ್ಲಿತ್ತು. ಓದಿ ಅದರ ಜೊತೆಯಲ್ಲೇ ಮಡಚಿಟ್ಟೆ. ಚರ್ಚಿಗೆ ಕೊಡುತ್ತಾರಂತೆ! ನನ್ನ ತಾಯಿಯ ಬಾಲಯೇಸುವನ್ನು!

ಇಷ್ಟು ವರ್ಷ ಹೋಟೆಲಿನಲ್ಲಿ ದುಡಿದವಳು ಮೊದಲ ಸಲ ಹೋಟೆಲಿನಲ್ಲಿ ಅತಿಥಿಯಾಗಿದ್ದೇನೆ. ಇವತ್ತು ಬೆಳಿಗ್ಗೆ ಆ ಹುಡುಗಿ ಬಂದಾಗ ನಾನಾಗಲೇ ಹೊದಿಕೆ ಎಳೆದು ಅರ್ಧ ಹಾಸಿಗೆ ಹಾಕಿದ್ದೆ.

“ಅಯ್ಯೋ ಸೆನ್ಯೋರಾ, ಬಿಡಿ, ನಂಗೆ ಬೈತಾರೆ! ನೀವು ಸ್ವಲ್ಪ ಆಚೆ ಹೋಗಿ ಬನ್ನಿ, ಬೇಗ ಮುಗಿಸ್ತೀನಿ.”

“ಹೋಗಲ್ಲ. ಕೂತಿರ್ತೀನಿ. ನೀನು ಮಾಡು.”

ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಅಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಅವಳು ಮೂಲೆಯನ್ನು ಚೆನ್ನಾಗಿ ಮಡಚಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ಯಾರು ಹೇಳಿಕೊಟ್ಟರೋ. ನಾನು ಎದ್ದು ನಿಂತು ಅವಳಿಗೆ ವಂದಿಸಿದೆ.

ಗೋದಲಿಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಜೋಡಿಸಿದ್ದೇನೆ. ತೊಟ್ಟಿಲಿಗೆ ಹೊಸ ಬಟ್ಟೆ ಹಾಸಿದ್ದೇನೆ. ಓಬ್ದುಲಿಯಾಳ ಹುಂಜ ಒಂಟೆಗಿಂತ ದೊಡ್ಡದಾಗಿ ಕಾಣುತ್ತದೆ, ಏನು ಮಾಡುವುದು.

ಇನ್ನು ನಿಮ್ಮ ಪ್ರಶ್ನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೇಳುತ್ತಿದ್ದೆನೇ ಎಂದಿದ್ದಿರಿ. ಆಗಿನದು ಬಿಡಿ. ಈಗಿನದಕ್ಕೆ ಉತ್ತರ ಕೊಡುತ್ತೇನೆ.

ಮನೆಯೊಡತಿ ಬಾಲಯೇಸುವನ್ನು ಕೊಡು ಎಂದು ಕೇಳಬಾರದು. ಅದು ಪದ್ಧತಿ, ಅದನ್ನು ನಾನು ಮುರಿದಿಲ್ಲ, ಮುರಿಯುವುದೂ ಇಲ್ಲ. ಆದರೆ ಇದು ನನ್ನ ಮನೆಯಲ್ಲ, ಹೋಟೆಲು. ಹೋಟೆಲಿನಲ್ಲಿ ಅತಿಥಿ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಬಹುದು. ಇಪ್ಪತ್ತಾರು ವರ್ಷ ಎಲ್ಲರೂ ಕೇಳಿದರು: ಇನ್ನೊಂದು ದಿಂಬು, ಇನ್ನೊಂದು ಟವೆಲ್ಲು, ಇನ್ನಷ್ಟು ಬಿಸಿ ನೀರು. ನಾವಿಬ್ಬರೂ ಒಯ್ದುಕೊಟ್ಟೆವು. ಈಗ ನಾನು ಅತಿಥಿ. ಆದ್ದರಿಂದ ಕೇಳುತ್ತಿದ್ದೇನೆ.

ನನ್ನ ಬಾಲಯೇಸುವನ್ನು ತಂದುಕೊಡಿ. ನೀವೇ ತನ್ನಿ.

ಶುಕ್ರವಾರ, ಕಂದೆಲಾರಿಯಾ ದಿನ ಸಂಜೆ, ಮೇಲಿನ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಮೊದಲ ಕೋಣೆ. ನಿಮ್ಮ ಮಂಡಿಯ ಸಲುವಾಗಿಯೇ ಆ ಕೋಣೆ ಕೇಳಿ ಪಡೆದೆ. ‘ತೊಂದರೆ ಕೊಡಬೇಡಿ’ ಎಂಬ ಫಲಕವನ್ನು ಹಿಡಿಯಿಂದ ತೆಗೆದು ಕಪಾಟಿನೊಳಗೆ ಹಾಕಿದ್ದೇನೆ. ಬಾಗಿಲು ತೆರೆದೇ ಇರುತ್ತದೆ. ಕಿಟಕಿಯ ಕಡೆಯ ಕುರ್ಚಿ ನಿಮ್ಮದು.

ತಮಾಲೆಗೆ ಹಂದಿಯ ಕೊಬ್ಬು ಕಡಿಮೆ ಮಾಡಬೇಡಿ. ಪಾತ್ರೆ ದೊಡ್ಡದಿರಲಿ, ಆ ಹುಡುಗಿಯನ್ನೂ ಕರೆದಿದ್ದೇನೆ. ತಣ್ಣಗಾಗುವ ಮುಂಚೆ ಬನ್ನಿ.

ನಿಮ್ಮ ಕೊಮಾದ್ರೆ
ಎಲೋದಿಯಾ